ಮಾಳಮ್ಮ ನಮ್ಮ ಹಿತ್ತಿಲಲ್ಲಿ ಕೂತಿದ್ದ ಸುಗ್ಗಿ

ಮೊಮ್ಮಗಳು ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಾಳೆ. ಮೊನ್ನೆ ಬೆಳಿಗ್ಗೆ ಅವಳ ರವಿಕೆಗಳನ್ನು ನೆನೆಹಾಕಲು ಎತ್ತಿಕೊಂಡಾಗ ಎದೆಹಾಲು ಒಣಗಿ ಹುಳಿತ ವಾಸನೆ ಬಂತು. ಬಾಣಂತಿಯಿರುವ ಮನೆಯಲ್ಲಿ ಅದೇನು ಹೊಸತಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಕೈ ನಿಂತುಬಿಡುತ್ತದೆ. ಯಾರೋ ಹಿತ್ತಿಲಲ್ಲಿ ಕಾಯುತ್ತಿದ್ದಾರೆ, ನಾನು ಏನೋ ಮಾಡಬೇಕಾಗಿದೆ ಅನ್ನಿಸಿ ಒಳಗೂ ಹೊರಗೂ ಓಡಾಡುತ್ತೇನೆ. "ಏನಾಯ್ತಜ್ಜಿ?" ಎಂದು ಹುಡುಗಿ ಕೇಳಿದಳು. ಏನಿಲ್ಲ ಅಂದೆ. ಒಂದು ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು ಪೊಲೀಸ್ ಸಬ್ ಇನ್‌ಸ್ಪೆಕ್ಟರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆಯ ಒಂದು ಚಿಕ್ಕ ಠಾಣೆಗೆ ವರ್ಗವಾಗಿ ಬಂದಿದ್ದೆವು. ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಮೇಜುಬಟ್ಟೆಗೆ ಕಸೂತಿ ಹಾಕುವುದು, ಮೆಲ್ಲಗೆ ಬಾಗಿಲು ಮುಚ್ಚುವುದು, ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕದೆ ಇರುವುದು, ಇವು ನನಗೆ ಚೆನ್ನಾಗಿ ಬರುತ್ತಿದ್ದವು. ಪೊಲೀಸ್ ಕ್ವಾರ್ಟರ್ಸಿನ ಬಾಳಿಗೆ ಇವುಗಳಿಂದ ಅಂಥ ಉಪಯೋಗವಿರಲಿಲ್ಲ. ನಮ್ಮ ಅಡುಗೆಮನೆಯ ಗೋಡೆಯೂ ಠಾಣೆಯ ಗೋಡೆಯೂ ಒಂದೇ. ಇತ್ತ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಅತ್ತ ಯಾರನ್ನೋ ಗದರಿಸುವುದು ಕೇಳುತ್ತಿತ್ತು. ಕೆಲವು ಸಲ ಗದರಿಕೆಗಿಂತ ಹೆಚ್ಚಿನದೂ ಕೇಳುತ್ತಿತ್ತು. ಆಗ ನಾನು ಒರಳಲ್ಲಿ ಏನಾದರೂ ಹಾಕಿಕೊಂಡು ರುಬ್ಬಲು ಕೂರುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಚಟ್ನಿ ಆಗಿತ್ತು.

ರಾಗಿ ಕೊಯ್ಲಿನ ಕಾಲ. ಹೊತ್ತೇರಿದರೂ ಇಬ್ಬನಿ ಬಿಡುತ್ತಿರಲಿಲ್ಲ. ನಮ್ಮ ಮೊದಲ ಮಗನಿಗೆ ಆಗ ಕತ್ತು ನಿಲ್ಲುವಷ್ಟು ವಯಸ್ಸು. ಅವನ ಬಟ್ಟೆಗಳನ್ನು ಎಲ್ಲಿ ಹರವಿದರೂ ಒಣಗದೆ, ದಿನವೆಲ್ಲ ಅವನ್ನು ಹಗ್ಗದಿಂದ ಹಗ್ಗಕ್ಕೆ ಬದಲಾಯಿಸುವುದೇ ನನಗೊಂದು ಕೆಲಸ. ಹಾಗೆ ಹಿತ್ತಿಲಲ್ಲಿ ನಿಂತಿದ್ದಾಗಲೇ ದಫೇದಾರ್ ನಂಜಪ್ಪ ಒಬ್ಬ ಹೆಂಗಸನ್ನು ಮುಂದೆ ಬಿಟ್ಟುಕೊಂಡು ಬಂದ. ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿದ್ದ ಜಾಗದಲ್ಲಿ ಬಟ್ಟೆಯ ಸುತ್ತು ಇನ್ನೂ ಹಾಗೇ ಇತ್ತು. ಕೊಯ್ಲಿನಿಂದಲೇ ಎಬ್ಬಿಸಿಕೊಂಡು ಬಂದಿದ್ದರು.

"ಅಮ್ಮಾವ್ರೆ, ಇವ್ಳು ನಿಮ್ ಸುಪರ್ದಿಲಿರ್ಲಿ," ಎಂದ ನಂಜಪ್ಪ. "ಮುಖ ನೋಡಿ ಪಾಪ ಅನ್ಬ್ಯಾಡಿ. ಪಟೇಲ್ರ ಮನೆ ಚಿನ್ನುದ್ ಸರ ನುಂಗವ್ಳೆ."

ಹೆಂಗಸರನ್ನು ಸಂಜೆಯ ಮೇಲೆ ಠಾಣೆಯಲ್ಲಿ ಇಡುತ್ತಿರಲಿಲ್ಲ. ನಮ್ಮಲ್ಲಿ ಹೆಣ್ಣು ಪೊಲೀಸರೂ ಇರಲಿಲ್ಲ. ಹಾಗಾಗಿ ವಿಚಾರಣೆಗೆ ಕರೆತಂದ ಹೆಂಗಸರನ್ನು ಸಬ್ ಇನ್‌ಸ್ಪೆಕ್ಟರ ಮನೆಯ ಹಿತ್ತಿಲಲ್ಲಿ ಕೂರಿಸುವುದು ಆ ಠಾಣೆಯ ರೂಢಿ. ಬರೆದಿಟ್ಟ ಕಾನೂನಲ್ಲಿ ಇದಕ್ಕೆ ಜಾಗವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳ ಹೆಸರು ಮಾಳಮ್ಮ. ಹಳೇಕೋಟೆ ಹೋಬಳಿಯ ಒಂದು ಹಳ್ಳಿ. ಅಲ್ಲಿಯವರು ಈಗಲೂ ಇರುವುದರಿಂದ ಊರಿನ ಹೆಸರು ಬರೆಯುವುದಿಲ್ಲ. ಊರಾಚೆಯ ಕೇರಿಯವಳು. ದಿನಾ ಬೆಳಿಗ್ಗೆ ಪಟೇಲರ ದನದ ಕೊಟ್ಟಿಗೆ ಬಾಚಿ ಆಮೇಲೆ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ಪಟೇಲರ ತಾಯಿ ಎಣ್ಣೆನೀರಿಗೆ ಕೂರುವಾಗ ಕೊರಳ ಸರ ತೆಗೆದು ಬಚ್ಚಲಿನ ಗೂಟಕ್ಕೆ ಹಾಕಿದ್ದರಂತೆ. ಮಿಂದು ಎದ್ದಾಗ ಸರ ಇರಲಿಲ್ಲ. ಬಚ್ಚಲಿಗೂ ಕೊಟ್ಟಿಗೆಗೂ ನಡುವೆ ಮೋಟುಗೋಡೆ. ಕೊಟ್ಟಿಗೆಯಲ್ಲಿದ್ದವಳು ಇವಳು. ಅಷ್ಟು ಸಾಕಾಗಿತ್ತು. ಮನೆಯೊಳಗಿದ್ದ ಉಳಿದವರ ಬಗ್ಗೆ ಯಾರೂ ಕೇಳಿರಲಿಲ್ಲ.

ಜಗಲಿ ಮೇಲೆ ಬಾ, ನೆಲ ತಣ್ಣಗಿದೆ ಅಂದರೆ ಮಾಳಮ್ಮ ಬರಲಿಲ್ಲ. ಸೂರಿನ ನೀರು ಬೀಳುವ ಗೆರೆಯಿಂದ ಆಚೆಗೇ ಕುಕ್ಕರಗಾಲಲ್ಲಿ ಕೂತಳು. ಕೇಳಿದರೆ ಮಾತ್ರ ಮಾತು. ಅಳುತ್ತಿರಲಿಲ್ಲ, ಬೇಡಿಕೊಳ್ಳುತ್ತಲೂ ಇರಲಿಲ್ಲ. ಒಳಗೆ ನನ್ನ ಮಗ ಹಸಿವಿಗೆ ಅಳತೊಡಗಿದ. ನಾನು ಕೈ ಒರೆಸಿಕೊಂಡು ಒಳಗೆ ಹೋಗಬೇಕೆಂದು ತಿರುಗಿದವಳು ಅವಳನ್ನು ನೋಡಿದೆ. ಮಾಳಮ್ಮ ಎರಡೂ ತೋಳನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ರವಿಕೆಯ ಮುಂದೆ ಎರಡು ಒದ್ದೆ ಗುರುತು. ನೋಡನೋಡುತ್ತಿದ್ದಂತೆ ಅವು ಅಗಲವಾದವು.

"ಮಗು ಇದೆಯೇನೇ ನಿನಗೆ?"

"ಅದೆ ಕಣವ್ವ. ಎಣ್ಣು ಕೂಸು. ಅತ್ತೆ ತಾವ ಬುಟ್ಟು ಕುಯ್ಲಿಗೋಗಿದ್ದೆ."

"ಪೊಲೀಸರಿಗೆ ಹೇಳಲಿಲ್ಲವೆ?"

"ಏಳ್ದೆ. ಕಳ್ಳೀರೆಲ್ಲಾ ಇಂಗೇ ಏಳಾದು ಅಂದ್ರು."

ಆಮೇಲೆ ಅವಳು ಎದ್ದು ದಾಸವಾಳದ ಗಿಡದ ಬುಡಕ್ಕೆ ಹೋಗಿ, ನನಗೆ ಬೆನ್ನು ಮಾಡಿ, ಹಾಲು ಹಿಂಡಿ ಬಿಟ್ಟಳು. ಎದೆಹಾಲು ಕಾಲಿಗೆ ಸಿಗುವ ಜಾಗದಲ್ಲಿ ಚೆಲ್ಲಬಾರದೆಂದು ಅವಳಿಗೂ ಯಾರೋ ಹೇಳಿಕೊಟ್ಟಿದ್ದರು, ನನಗೂ ಹೇಳಿಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಆ ಬುಡಕ್ಕೆ ಕೆಂಜಿಗದ ಸಾಲು ಹಿಡಿಯಿತು. ನಾನು ಒಳಗೆ ಕೂತು ಮಗನಿಗೆ ಹಾಲು ಕೊಡುತ್ತಿದ್ದರೂ ಕಣ್ಣು ಕಿಟಕಿಯಾಚೆಯ ಆ ಸಾಲಿನ ಮೇಲೇ ಇತ್ತು.

ಆ ರಾತ್ರಿ ಅವಳು ಸೌದೆಯ ಚಪ್ಪರದಡಿ ಮಲಗಿದಳು. ಮರುದಿನವೂ ನನ್ನ ಮಗ ಅತ್ತಾಗಲೆಲ್ಲ ಅದೇ ಕಥೆ. ಅವನು ಅಳಬಾರದೆಂದು ಹಸಿವಾಗುವ ಮೊದಲೇ ಎತ್ತಿಕೊಳ್ಳುತ್ತಿದ್ದೆ, ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಎಳೆ ಮಗು ಅಳದೆ ಇರುತ್ತದೆಯೆ? ಮಧ್ಯಾಹ್ನ ಊಟಕ್ಕೆ ಬಂದ ಇವರಿಗೆ ಹೇಳಿದೆ: ಅವಳ ಕೂಸನ್ನಾದರೂ ಇಲ್ಲಿಗೆ ತರಿಸಿ. ಇವರು ಕೆಟ್ಟವರಲ್ಲ. ಆದರೆ ಸರ ಸಿಗದೆ ಮೇಲಿನವರಿಂದ ಮಾತು ಕೇಳಿದ್ದರು.

"ಇದೇನು ಹೆರಿಗೆ ಆಸ್ಪತ್ರೆನಾ? ಅವಳು ಸರ ಎಲ್ಲಿಟ್ಟಿದ್ದೀನಿ ಅಂತ ಬಾಯಿ ಬಿಡಲಿ, ಈಗಲೇ ಮನೆಗೆ ಹೋಗಬಹುದು. ಇಲ್ಲದಿದ್ದರೆ ಕೋರ್ಟು, ಅಲ್ಲಿಂದ ಹಾಸನದ ಜೈಲು."

ನನಗೆ ಎದುರು ಮಾತಾಡಲು ಬರುತ್ತಿರಲಿಲ್ಲ. ಮಗ ರಾಗ ಎಳೆಯಲು ಶುರುಮಾಡಿದ್ದ. ಅವನನ್ನು ಇವರ ಕಾಕಿ ಮಡಿಲಿಗೆ ಹಾಕಿ, ಎಲೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಬೇಗ ವಾಪಸು ಬರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಒಳಗಿನಿಂದ ಅಳು ಏರುತ್ತಾ ಹೋಯಿತು, "ಲೇ... ಎಲ್ಲಿದ್ದೀಯೇ?" ಅನ್ನುವ ಇವರ ಕೂಗೂ ಸೇರಿತು. ಕಡೆಗೆ ಇವರೇ ಮಗುವನ್ನೆತ್ತಿಕೊಂಡು ಹಿಂಬಾಗಿಲಿಗೆ ಬಂದರು. ಸೌದೆ ಚಪ್ಪರದ ಹತ್ತಿರ ಎದೆ ಒತ್ತಿ ಹಿಡಿದು ನಿಂತವಳನ್ನು ನೋಡಿದರು. ಮಗುವನ್ನು ನನ್ನ ಕೈಗಿಟ್ಟು ಹೊರಟುಹೋದರು. ಸಂಜೆಯೊಳಗೆ ಒಬ್ಬ ಪೇದೆ ಸೈಕಲ್ಲಿನಲ್ಲಿ ಹಳ್ಳಿಗೆ ಹೋಗಿ ಹೇಳಿದ್ದೂ ಆಯಿತು, ಮಾಳಮ್ಮನ ಅತ್ತೆ ಕೂಸನ್ನು ಕಂಕುಳಲ್ಲಿ ಹೊತ್ತು ನಡೆದು ಬಂದದ್ದೂ ಆಯಿತು. ರಾಗಿ ಗಂಜಿ ಕುಡಿಸಿ ಕುಡಿಸಿ ಕೂಸಿನ ಬಾಯಿ ಸುತ್ತ ಕಂದು ಹಕ್ಕಳೆ ಕಟ್ಟಿತ್ತು. ತಾಯಿಯ ಎದೆಗೆ ಮೂಗು ಉಜ್ಜಿ ಒಂದು ಗಳಿಗೆ ಬೇಡ ಅನ್ನುವಂತೆ ಮುಖ ತಿರುವಿ, ಮರುಗಳಿಗೆಯೇ ಗಬಕ್ಕನೆ ಹಿಡಿದುಕೊಂಡಿತು. ಮಾಳಮ್ಮ ಕಣ್ಣು ಮುಚ್ಚಿದಳು. ನೋವಾಗಿರಬೇಕು.

ಅತ್ತೆ ತಂದದ್ದು ಕೂಸನ್ನಷ್ಟೇ ಅಲ್ಲ, ಒಂದು ಸುದ್ದಿಯನ್ನೂ. ಮಾರನೆಯ ದಿನ ಊರಲ್ಲಿ ಸಗಣಿ ಉಂಡೆ ಹಾಕಿಸುತ್ತಾರೆ.

ನಾನು ಇದನ್ನು ಕೇಳಿರಲಿಲ್ಲ. ಮುದುಕಿ ವಿವರಿಸಿದಳು. ಊರಲ್ಲಿ ಏನಾದರೂ ಕಳುವಾಗಿ ಕಳ್ಳ ಯಾರೆಂದು ತಿಳಿಯದಿದ್ದರೆ, ಊರಮ್ಮನ ಗುಡಿಯ ಕತ್ತಲೆ ಕೋಣೆಯಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆಗೆ ನೀರು ತುಂಬಿ ಇಡುತ್ತಾರೆ. ದೊಡ್ಡವರು ಸಣ್ಣವರು ಎಲ್ಲರೂ ಮುಷ್ಟಿಯಲ್ಲಿ ಸಗಣಿಯ ಉಂಡೆ ಹಿಡಿದು ಒಬ್ಬೊಬ್ಬರಾಗಿ ಒಳಗೆ ಹೋಗಿ ಅದನ್ನು ನೀರಿಗೆ ಬಿಟ್ಟು ಬರಬೇಕು. ಕದ್ದವರು ಹೆದರಿದ್ದರೆ ಮಾಲನ್ನು ಉಂಡೆಯೊಳಗೆ ಹುದುಗಿಸಿ ಹಾಕುತ್ತಾರೆ. ಉಂಡೆಗಳೆಲ್ಲ ಕರಗಿದ ಮೇಲೆ ನೀರು ಬಸಿದರೆ ತಳದಲ್ಲಿ ಒಡವೆ. ಯಾರು ಹಾಕಿದರೆಂದು ಯಾರೂ ಕೇಳುವಂತಿಲ್ಲ. ಪಟೇಲರ ಮನೆಯವರೂ ಬಿಡದೆ ಎಲ್ಲರೂ ಹಾಕಬೇಕೆಂದು ಪಟೇಲರೇ ಹೇಳಿದ್ದರಂತೆ.

"ಕೇರಿಯವರು?" ಎಂದೆ.

"ನಮ್ಗೆ ಕೊಪ್ಪರಿಗೆ ಇಲ್ಲ ಕಣವ್ವ," ಎಂದಳು ಮುದುಕಿ. "ಅದು ಅಮ್ಮುನ್ದು. ನಮ್ಗೆ ಬೇಲಿ ಆಚೆ ಒಂದು ಕುಕ್ಕೆ ಇಕ್ತಾರೆ. ಅದ್ರಲ್ಲಿ ಮಣ್ಣುಂಡೆ ಆಕ್ತೀವಿ."

ಮಾಳಮ್ಮ ಕೂಸಿನ ತಲೆ ಸವರುತ್ತಾ ಅಂದಳು: "ನಾಳಿಕೆ ಸಿಕ್ನಿಲ್ಲ ಅಂದ್ರೆ ನಾನೇ ಕಳ್ಳಿ. ಉಂಡೆ ಆಕಕ್ಕೆ ಓಗಕ್ಕಾಗ್ದೋಳು ನಾನೊಬ್ಳೇ ತಾನೆ."

ಮಾರನೆಯ ದಿನ ನನ್ನ ಕೈಯಿಂದ ಯಾವ ಕೆಲಸವೂ ಪೂರ್ತಿಯಾಗಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿದೆ. ದೇವರ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಮರೆತೆ. ಹಿತ್ತಿಲಲ್ಲಿ ಮಾಳಮ್ಮ ಹೊತ್ತು ಎಷ್ಟಾಯಿತೆಂದು ಕೇಳುವಳು, ನಾನು ಒಳಗೆ ಹೋಗಿ ಗಡಿಯಾರ ನೋಡಿ ಬಂದು ಹೇಳುವಷ್ಟರಲ್ಲಿ ಮತ್ತೆ ಕೇಳುವಳು. ಮುದುಕಿ ಮಾತ್ರ ಎಲೆ ಅಡಿಕೆ ಕುಟ್ಟುತ್ತಾ ನಿಶ್ಚಿಂತೆಯಾಗಿರುವಂತೆ ಕಾಣುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಕುಟ್ಟಾಣಿಯಲ್ಲಿ ಅಡಿಕೆಯೇ ಇರಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಪಟೇಲರ ಕಮಾನು ಗಾಡಿ ಬಂತು. ಗಣ್ಯರೆಂದು ಇವರು ಅವರನ್ನು ಠಾಣೆಗೆ ಕರೆಯದೆ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಕೂರಿಸಿದರು. ನಂಜಪ್ಪ ಬಾಗಿಲಲ್ಲಿ ನಿಂತ. ನಾನು ಕಾಫಿ ಹಿಡಿದು ಒಳಬಾಗಿಲ ಪರದೆಯ ಹಿಂದೆ ನಿಂತೆ. ಪಟೇಲರು ಟವಲಿನ ಗಂಟು ಬಿಚ್ಚಿದರು. ಸರವನ್ನು ತೊಳೆದಿದ್ದರೂ ಕೊಂಡಿಗಳ ಸಂದಿಯಲ್ಲಿ ಹಸಿರು ಉಳಿದಿತ್ತು.

"ಅಮ್ಮ ಕೈ ಬುಡ್ನಿಲ್ಲ ಸಾ. ಸಿಕ್ತು," ಎಂದರು. ಆಮೇಲೆ ಕೇಸಿನ ಮಾತಿಗೆ ಬಂದರು. ಆ ಹೆಂಗಸನ್ನು ಪೊಲೀಸರು ಹಿಡಿದದ್ದರಿಂದಲೇ ಅವಳ ಕಡೆಯವರು ಹೆದರಿ ತಂದು ಹಾಕಿದ್ದಾರೆ, ಇದಕ್ಕಿಂತ ಸಾಕ್ಷಿ ಬೇಕೆ, ಇನ್ನು ಕೇಸು ಗಟ್ಟಿಯಾಯಿತು, ಮುಂದೆ ಯಾರೂ ಕೈ ಚಾಚದ ಹಾಗೆ ಶಿಕ್ಷೆಯಾಗಬೇಕು. ಇವರೂ ತಲೆಯಾಡಿಸುತ್ತಿದ್ದರು. ಕೇಳಿದರೆ ಸರಿ ಅನ್ನಿಸುವ ಮಾತೇ ಅದು.

ನಾನು ಪರದೆ ಸರಿಸಿದೆ. ಕಾಫಿ ಲೋಟ ಕೈಯಲ್ಲೇ ಇತ್ತು. "ಯಾವುದರಲ್ಲಿ ಸಿಕ್ಕಿತು?" ಎಂದೆ.

ಇವರು ನನ್ನ ಕಡೆ ತಿರುಗಿ ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಪಟೇಲರಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಹೆಂಗಸರಿಗೆ ಇಂಥ ಕಥೆ ಕೇಳುವ ಆಸೆ ಎಂದುಕೊಂಡರೇನೋ, ನಕ್ಕರು.

"ಕೊಪ್ಪರಿಗೇಲಿ ಕಣ್ ತಾಯಿ. ಇನ್ಯಾತ್ರಲ್ಲಿ ಸಿಕ್ಕಾತು? ಅಮ್ಮುನ್ ಮಹಿಮೆ ಇರಾದೇ ಅದ್ರಲ್ಲಿ."

ನಂಜಪ್ಪನಿಗೆ ಕೇಸಿನ ಮೇಲೇ ಮನಸ್ಸು. "ಸರಿ ಮತ್ತೆ. ಇವ್ಳ ಗಂಡ್ನೇ ಬಂದು ಅದ್ರಲ್ಲಿ ಹಾಕವ್ನೆ," ಎಂದ.

ಪಟೇಲರ ಮುಖ ಕೆಂಪಾಯಿತು. "ಯಾವೂರಯ್ಯ ನಿಂದು? ಅವ್ನ ಕೈ ಅಮ್ಮುನ್ ಕೊಪ್ಪರಿಗೆ ಮ್ಯಾಲೆ ಬೀಳಕ್ಕೆ ಬುಡ್ತೀವಾ ನಾವು? ಅವ್ರ ಕುಕ್ಕೆ ಬ್ಯಾರೆ. ಗುಡಿ ಬಾಗ್ಲಲ್ಲಿ ನಾನೇ ನಿಂತಿದ್ದೆ. ಅವ್ರಲ್ಲಿ ಒಬ್ರೂ ಬೇಲಿ ದಾಟ್ನಿಲ್ಲ. ಬೇಕಾದ್ರೆ ಅಮ್ಮುನ್ ಮುಂದೆ ಪ್ರಮಾಣ ಮಾಡ್ತೀನಿ."

ಗಾಡಿಯ ಎತ್ತು ಕೊರಳಾಡಿಸಿದ ಗಂಟೆಯ ಸದ್ದು ಹೊರಗಿನಿಂದ ಬಂತು. ಪಟೇಲರ ಬಾಯಿ ಇನ್ನೂ ಏನೋ ಹೇಳಲು ತೆರೆದೇ ಇತ್ತು. ತಮ್ಮ ಮಾತು ತಮ್ಮ ಕಿವಿಗೇ ಬಿದ್ದ ಮೇಲೆ ಅದು ಮೆಲ್ಲಗೆ ಮುಚ್ಚಿತು.

"ಹಾಗಾದರೆ," ಎಂದರು ಇವರು, "ಸರ ಹಾಕಿದವರು ಊರೊಳಗಿನವರೇ ಆದರು."

ಪಟೇಲರಿಗೆ ಒಂದು ದಾರಿ ಉಳಿದಿತ್ತು. ಕೇರಿಯ ಕೈ ಹೇಗೋ ಕೊಪ್ಪರಿಗೆಯನ್ನು ಮುಟ್ಟಿತು ಎಂದರೆ ಸಾಕಿತ್ತು. ಹಾಗೆ ಹೇಳಿದರೆ ಕೊಪ್ಪರಿಗೆ ಮೈಲಿಗೆ, ಗುಡಿ ಮೈಲಿಗೆ, ಬಾಗಿಲಲ್ಲಿ ನಿಂತು ಕಾದವರ ಮರ್ಯಾದೆಯೂ ಹೋಯಿತು. ಅವರು ಟವಲನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡರು. "ಕೇಸು ಬ್ಯಾಡಿ ಸಾ. ಮಾಲು ಸಿಕ್ತಲ್ಲ," ಎಂದರು. ಕಾಫಿ ಕುಡಿಯಲಿಲ್ಲ.

ನಾನು ಹಿತ್ತಿಲಿಗೆ ಓಡಿದೆ. ಓಡುವುದು ನನ್ನ ಸ್ವಭಾವವಲ್ಲ. ನಂಜಪ್ಪನೂ ಹಿಂದೆ ಬಂದು, ಸರ ಸಿಕ್ಕಿತು, ಮನೆಗೆ ಹೋಗು ಎಂದು ಅವಳಿಗೆ ಹೇಳಿದ. ಮುದುಕಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಾಳಮ್ಮ ಏಳಲಿಲ್ಲ. ಇವರು ಬಂದು ಬಾಗಿಲಲ್ಲಿ ನಿಲ್ಲುವವರೆಗೂ ಕೂತೇ ಇದ್ದಳು. ಆಮೇಲೆ ಎದ್ದು ಕೂಸನ್ನು ಹೆಗಲಿಗೆ ಹಾಕಿಕೊಂಡಳು.

"ನಾನು ಕದ್ದಿಲ್ಲ ಅಂತ ಯಾರೂ ಏಳ್ನಿಲ್ವಲ್ಲ ಸಾ. ಸರ ಸಿಕ್ತು ಅಂದ್ರು, ಅಷ್ಟೇಯ. ಊರ್ಗೋದ್ರೆ ನಾನು ಪೊಲೀಸ್ನೋರು ಇಡ್ಕೊಂಡೋದ ಕಳ್ಳಿನೇ ತಾನೆ? ನಾಳಿಕೆ ಯಾರು ನನ್ನ ಒಲಕ್ಕೆ ಕರ್ದಾರು?"

ನಂಜಪ್ಪ ನಕ್ಕ. "ಸರ್ಟಿಫಿಕೇಟ್ ಬರ್ಕೊಡ್ಬೇಕೇನಮ್ಮ ನಿಂಗೆ?"

"ಓದಕ್ಕೆ ಅಲ್ಲಿ ಯಾರ್ಗ್ ಬತ್ತದೆ ಸಾ? ಬಾಯಲ್ಲಿ ಏಳುಸ್ಬೇಕು."

ಅವರು ಮೂವರೂ ಹೊರಟು ರಸ್ತೆಯ ತಿರುವು ದಾಟಿದರು. ನಿಮ್ಮ ಕಾನೂನಿನಲ್ಲಿ ಹಾಗೆ ಹೇಳಿಸಲು ಏನೂ ಇಲ್ಲವೆ ಎಂದು ನಾನು ಇವರನ್ನು ಕೇಳಿದೆ. ಇಲ್ಲ ಅಂದರು. ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಮಾಳಮ್ಮನ ಗಂಡನ ಕೆಲಸ ಏನು ಗೊತ್ತೇ ಎಂದರು. ಊರಿನ ತಮಟೆ ಹೊಡೆದು ಸಾರುವವನು ಅವನೇ, ದ್ಯಾವಯ್ಯ ಅಂತ. ಉಂಡೆ ಹಾಕಬೇಕೆಂದು ಬೀದಿ ಬೀದಿ ಸಾರಿದ್ದೂ ಅವನೇ. ಹೆಂಡತಿ ನಮ್ಮ ಹಿತ್ತಿಲಲ್ಲಿ, ಅವನು ಅಲ್ಲಿ ತಮಟೆ ಹೊಡೆಯುತ್ತಾ. ಪಟೇಲರ ಅಥವಾ ಸರ್ಕಾರದ ಅಪ್ಪಣೆಯಿಲ್ಲದೆ ಅವನು ಒಂದು ಪದ ಸಾರುವಂತಿಲ್ಲ.

"ಸರ್ಕಾರ ಅಂದರೆ ಆ ಊರಿಗೆ ನೀವೇ ಅಲ್ಲವೇ?" ಎಂದೆ.

ಅವಳು ಕದ್ದಿಲ್ಲವೆಂದು ಊರಲ್ಲಿ ಸಾರಿಸಲು ಪಟೇಲರು ಸುಲಭಕ್ಕೆ ಒಪ್ಪಲಿಲ್ಲವಂತೆ. ಕೊಪ್ಪರಿಗೆಗೆ ಉಂಡೆ ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಠಾಣೆಗೆ ಕರೆಸುತ್ತೇನೆ, ನಿಮ್ಮ ಮನೆಯಿಂದಲೇ ಶುರುಮಾಡುತ್ತೇನೆ ಎಂದು ಇವರು ಹೇಳಿದ ಮೇಲೆ ಒಪ್ಪಿದರು. ಮನಸ್ತಾಪ ಬೇಡವೆಂದೋ ಏನೋ, ಅಮ್ಮಾವ್ರೂ ಬಂದು ಅರಿಶಿನ ಕುಂಕುಮ ತೆಗೆದುಕೊಂಡು ಹೋಗಲಿ ಎಂದು ಪಟೇಲರ ಹೆಂಡತಿ ಹೇಳಿ ಕಳಿಸಿದರು. ಹೀಗೆ ನಾನೂ ಮಗನನ್ನು ಎತ್ತಿಕೊಂಡು ಇವರ ಜೊತೆ ಆ ಊರಿಗೆ ಹೋದೆ.

ಕಣದಲ್ಲಿ ರಾಗಿ ತೂರುವ ಹೊಟ್ಟು ಗಾಳಿಯಲ್ಲಿ ಹಾರಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ಪಟೇಲರ ಮನೆ ದೊಡ್ಡದು, ಹೆಂಗಸರೂ ಬೇಕಾದಷ್ಟು ಮಂದಿ. ಎಲ್ಲರ ಕೊರಳಲ್ಲೂ ಏನಾದರೊಂದು ಚಿನ್ನ. ಆ ಸರವೂ ತಾಯಿಯ ಕೊರಳಿಗೆ ವಾಪಸು ಬಂದಿತ್ತು. ಚಿಕ್ಕ ಸೊಸೆಯ ಕೊರಳಲ್ಲಿ ಮಾತ್ರ ಅರಿಶಿನದ ದಾರಕ್ಕೆ ಕಟ್ಟಿದ ತಾಳಿ, ಬೇರೆ ಏನೂ ಇಲ್ಲ. ಇನ್ನೂ ಹುಡುಗಿ. ನಡುಮನೆಯ ಮೂಲೆಯಲ್ಲಿ ರಾಗಿ ಬೀಸುತ್ತಿದ್ದಳು. ಹೊರಗೆ ತಮಟೆಯ ಸದ್ದು ಬಂದದ್ದೇ ಎಲ್ಲರೂ ಜಗಲಿಗೆ ಎದ್ದು ಹೋದರು. ಮಗ ತೊಡೆಯ ಮೇಲೆ ನಿದ್ದೆ ಹೋಗಿದ್ದರಿಂದ ನಾನು ಏಳುವುದು ತಡವಾಯಿತು. ಬೀಸುವ ಕಲ್ಲು ನಿಂತಿತು.

"ಅಕ್ಕ," ಎಂದಳು ಅವಳು, ತಲೆ ಎತ್ತದೆ. "ಆ ಕೂಸು ಆಲು ಕುಡೀತದಾ?"

"ಕುಡಿಯುತ್ತೆ," ಎಂದೆ.

"ಕೂಸದೆ ಅಂತ ನಂಗೊತ್ತಿರ್ನಿಲ್ಲ ಕಣಕ್ಕ. ಪೇದೆ ಬಂದು ಕೂಸೆಲ್ಲಿ ಅಂತ ಕೇಳ್ದಾಗ್ಲೇ ಗೊತ್ತಾಗಿದ್ದು."

ಅವಳ ಎರಡೂ ಕೈ ಕಲ್ಲಿನ ಗೂಟವನ್ನು ಹಿಡಿದೇ ಇದ್ದವು. ಆ ಮಾತನ್ನು ನಾನು ಇವರಿಗೆ ಹೇಳಿದ್ದರೆ ಇನ್ನೊಬ್ಬಳು ನಮ್ಮ ಹಿತ್ತಿಲಿಗೆ ಬರುತ್ತಿದ್ದಳು. ಹೇಳಲಿಲ್ಲ. ಮಗನನ್ನು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದೆ.

ದ್ಯಾವಯ್ಯ ಬೀದಿಯ ನಡುವೆ ನಿಂತಿದ್ದ. ಸಣಕಲ ಆಳು, ತಮಟೆಯೇ ಅವನಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಇವರು ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಪಟೇಲರು ಇನ್ನೊಂದು ದಿಕ್ಕಿಗೆ ಮುಖ ಮಾಡಿದ್ದರು.

"ಕೇಳ್ರಪ್ಪೋ ಕೇಳಿ. ಸರ್ಕಾರದ ಅಪ್ಪಣೆ. ಪಟೇಲ್ರ ಮನೆ ಸರ ಕದ್ದೋಳು..." ಅಲ್ಲಿಗೆ ನಿಂತ. ತಮಟೆ ಹೊಡೆದ. ಮತ್ತೆ ಶುರುಮಾಡಿದ. ಮತ್ತೆ ಅಲ್ಲಿಗೇ ನಿಂತ. ಕಡೆಗೆ, "ಕದ್ದೋಳು ನಮ್ಮನೆಯೋಳಲ್ಲ," ಎಂದ.

ಜಗಲಿಯ ಮೇಲೆ ನಗು ಎದ್ದಿತು. "ನಿಮ್ಮನೆಯೋಳು ಅಂದ್ರೆ ಯಾರ್ಲಾ ದ್ಯಾವ? ನಿಮ್ಮವ್ವನಾ?" ಎಂದಳು ಒಬ್ಬಳು. ಆ ಕಡೆ ಗಂಡಸರು ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನಂತೂ ಮದುವೆಯಾದಾಗಿನಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಅವನ ಮುಖ ಕಿವಿಯವರೆಗೂ ಕೆಂಪೇರಿತು.

"ಹೆಸರು ಹೇಳಯ್ಯ," ಎಂದರು ಇವರು. ಗದರಿಸಲಿಲ್ಲ. "ಹೆಸರಿಲ್ಲದೆ ಅಪ್ಪಣೆ ಆಗಲ್ಲ."

ದ್ಯಾವಯ್ಯ ಕಣ್ಣು ಮುಚ್ಚಿದ. ತಮಟೆ ಹೊಡೆದ, ಆ ಸದ್ದಿನಲ್ಲಿ ಮುಚ್ಚಿಹೋಗಲಿ ಅನ್ನುವ ಹಾಗೆ ಜೋರಾಗಿ. ಆದರೆ ಅವನ ದನಿ ತಮಟೆಯನ್ನೂ ಮೀರಿತು.

"ಮಾಳಮ್ಮ ಕದ್ದಿಲ್ಲ. ಮಾಳಮ್ಮ ಕಳ್ಳಿ ಅಲ್ಲ."

ಜಗಲಿಯ ನಗು ನಿಂತಿತು. ನನ್ನ ಹಿಂದೆ ಬೀಸುವ ಕಲ್ಲು ಇನ್ನೂ ಶುರುವಾಗಿರಲಿಲ್ಲ.

ಅವನು ಮುಂದಿನ ಬೀದಿಗೆ ಹೋದ. ಅಲ್ಲಿಂದ ಕೇಳಿಸಿದಾಗ ಹೆಸರೇ ಮೊದಲ ಮಾತಾಗಿತ್ತು, ಸರ್ಕಾರ, ಅಪ್ಪಣೆ ಎಲ್ಲ ಆಮೇಲೆ. ಗುಡಿಯ ಬೀದಿಯಲ್ಲೂ ಸಾರಿ ಮುಗಿಸಿದ. ಇಷ್ಟಕ್ಕೇ ಅವನ ಕೆಲಸ ಆಗಿತ್ತು. ಇವರು ಟೋಪಿ ಹಾಕಿಕೊಂಡು ಹೊರಡೋಣವೆಂದು ನನ್ನತ್ತ ಸನ್ನೆ ಮಾಡಿದರು. ಆಗ ತಮಟೆಯ ಸದ್ದು ಬೇಲಿ ದಾಟಿ ಕೇರಿಯ ಕಡೆಗೆ ಹೋಗುವುದು ಕೇಳಿಸಿತು. ಅಲ್ಲಿ ಸಾರಲು ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.